ಮೂರು ಸಾಲಿನ ಪ್ಯಾಚ್‌ಗೆ ಮೂರು ಸುತ್ತು

ನಮ್ಮ ತಪ್ಪನ್ನ ಮೊದಲೇ ಒಪ್ಕೊಂಡುಬಿಡ್ತೀವಿ. ಹೋದ ವರ್ಷ ಅಕ್ಟೋಬರ್‌ನಲ್ಲಿ ಕೋಡಿಂಗ್ ಕ್ಲಬ್‌ನವರ ಜೊತೆ ಸೇರಿ ನಮ್ಮ ಕನ್ನಡ ಸಂಘ ಒಂದು ಸ್ಪರ್ಧೆ ನಡೆಸಿತ್ತು, ನೆನಪಿದೆಯಲ್ಲ? ಒಂದು ತಿಂಗಳಲ್ಲಿ ಯಾರು ಹೆಚ್ಚು ಪುಲ್ ರಿಕ್ವೆಸ್ಟ್ ಹಾಕ್ತಾರೋ ಅವರಿಗೆ ಬಹುಮಾನ, ಐದು ದಾಟಿದವರಿಗೆಲ್ಲ ಸರ್ಟಿಫಿಕೇಟ್. ಪೋಸ್ಟರ್ ಮಾಡಿದ್ದು ನಾವು. ಅದರ ಮೇಲೆ 'ಓಪನ್ ಸೋರ್ಸ್‌ಗೆ ನಮ್ಮ ಕಾಣಿಕೆ' ಅಂತ ದಪ್ಪಕ್ಷರದಲ್ಲಿ ಬರೆದದ್ದೂ ನಾವೇ. ತಿಂಗಳ ಕೊನೆಗೆ ಒಟ್ಟು ಸಂಖ್ಯೆ ನೋಡಿ ಹಿಗ್ಗಿ, ಬ್ಯಾನರ್ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೂ ಆಯ್ತು.

ಈ ಬೇಸಿಗೆ ರಜೆಯಲ್ಲಿ ಒಂದು ದಿನ ಕೂತು ಆ ಪುಲ್ ರಿಕ್ವೆಸ್ಟ್‌ಗಳನ್ನ ಒಂದೊಂದಾಗಿ ತೆರೆದು ನೋಡಿದ್ವಿ. ರೀಡ್‌ಮಿ ಫೈಲಿನಲ್ಲಿ ಒಂದು ಪೂರ್ಣವಿರಾಮ ಸೇರಿಸಿದ್ದು ಒಂದು. ಪ್ರಾಜೆಕ್ಟಿನ ವಿವರಣೆಗೆ 'ಅಮೇಜಿಂಗ್' ಅನ್ನೋ ಪದ ತುರುಕಿದ್ದು ಇನ್ನೊಂದು. ತನ್ನ ಹೆಸರು, ಯುಎಸ್‌ಎನ್ ಬರೆದು ಹೋದದ್ದು ಮತ್ತೊಂದು, ದೇವಸ್ಥಾನದ ಗೋಡೆ ಮೇಲೆ ಇದ್ದಿಲಲ್ಲಿ ಹೆಸರು ಗೀಚಿ ಬರ್ತಾರಲ್ಲ, ಹಾಗೆ. ಮೊದಲ ಬಹುಮಾನ ಬಂದ ಲೆಕ್ಕದಲ್ಲಿ ಬೇರೆಯವರ ಪ್ರಾಜೆಕ್ಟಿಗೆ ನಿಜವಾಗಿ ಮರ್ಜ್ ಆದದ್ದು ಒಂದೂ ಇರಲಿಲ್ಲ. ಗೆದ್ದವನ ಮೇಲೆ ನಮಗೇನೂ ಸಿಟ್ಟಿಲ್ಲ. ನಿಯಮ ಬರೆದವರು ನಾವು, ಅವನು ನಿಯಮದ ಪ್ರಕಾರವೇ ಆಡಿದ.

ಇದು ನಮ್ಮ ಕ್ಯಾಂಪಸ್‌ನ ಕಾಯಿಲೆ ಮಾತ್ರ ಅಂದ್ಕೋಬೇಡಿ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಒಂದು ಟೀ ಶರ್ಟ್ ಆಸೆಗೆ ಇಂಥದೇ ಪುಲ್ ರಿಕ್ವೆಸ್ಟ್‌ಗಳು ಪ್ರಪಂಚದ ತುಂಬ ಸುರಿದವು. ತಿಂಗಳು ಶುರುವಾಗಿ ಮೂರೇ ದಿನಕ್ಕೆ ಅದನ್ನ ನಡೆಸ್ತಿದ್ದ ಡಿಜಿಟಲ್‌ಓಷನ್‌ನವರು ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳನ್ನ ಮಾತ್ರ ಲೆಕ್ಕಕ್ಕೆ ತಗೋತೀವಿ ಅನ್ನಬೇಕಾಯ್ತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಜೆಎಸ್ ಪ್ರಾಜೆಕ್ಟಿಗೆ ಆದದ್ದು ಇನ್ನೂ ಹತ್ತಿರದ ಕಥೆ. ಗಿಟ್ ಕಲಿಸೋ ವಿಡಿಯೋ ಪಾಠ ನೋಡಿದ ನಮ್ಮ ದೇಶದ ವಿದ್ಯಾರ್ಥಿಗಳು ಅದರ ರೀಡ್‌ಮಿಗೆ ತಮ್ಮ ಹೆಸರು ಸೇರಿಸೋ ಪುಲ್ ರಿಕ್ವೆಸ್ಟ್‌ಗಳನ್ನ ರಾಶಿ ಹಾಕಿದರು. ನಾವು ಎರಡನೇ ಸೆಮಿಸ್ಟರ್‌ನಿಂದ ಬಳಸ್ತಿರೋ ಅದೇ ಎಕ್ಸ್‌ಪ್ರೆಸ್. ಅದನ್ನ ನೋಡಿಕೊಳ್ಳೋವರು ಒಂದೊಂದನ್ನೂ ತೆರೆದು ಮುಚ್ಚಬೇಕಾಯ್ತು.

ಹೆಸರು ಕೆಟ್ಟರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. ರಿವ್ಯೂ ಮಾಡೋವರು ತಪ್ಪು ಹಿಡೀತಾರಾ ಅಂತ ಪರೀಕ್ಷೆ ಮಾಡೋಕೆ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇಕಂತಲೇ ದೋಷ ಇರೋ ಪ್ಯಾಚ್‌ಗಳನ್ನ ಲಿನಕ್ಸ್ ಕರ್ನಲ್‌ಗೆ ಕಳಿಸಿದ್ದರು. 2021ರ ಏಪ್ರಿಲ್‌ನಲ್ಲಿ ಅದು ದೊಡ್ಡ ರಂಪ ಆಯ್ತು. ಆ ವಿಶ್ವವಿದ್ಯಾಲಯದಿಂದ ಬರೋ ಪ್ಯಾಚ್‌ಗಳಿಗೆ ಬಾಗಿಲು ಹಾಕಿದರು, ಅಲ್ಲಿನ ಇಮೇಲ್ ವಿಳಾಸದಿಂದ ಹಿಂದೆ ಬಂದಿದ್ದ ಪ್ಯಾಚ್‌ಗಳನ್ನೆಲ್ಲ ಮತ್ತೆ ತೆಗೆದು ನೋಡಿದರು. ಸಂಶೋಧಕರು ಕ್ಷಮೆ ಕೇಳಿ ಪ್ರಬಂಧ ಹಿಂಪಡೆದರು. ಅವರದು ಉದ್ದೇಶಪೂರ್ವಕ, ನಮ್ಮದು ಬೇಜವಾಬ್ದಾರಿ. ಎರಡೂ ಒಂದೇ ಅಲ್ಲ, ನಿಜ. ಆದರೆ ಒಂದು ಕಾಲೇಜಿನ ಹೆಸರು ಕೆಟ್ಟರೆ ಏನೂ ಮಾಡದ ಜೂನಿಯರ್‌ನ ಪ್ಯಾಚ್ ಕೂಡ ಅನುಮಾನದಿಂದ ಶುರುವಾಗುತ್ತೆ.

ಮತ್ತೆ ಅಕ್ಟೋಬರ್ ಬರ್ತಿದೆ. ಈ ಸಲವೂ ಸ್ಪರ್ಧೆ ಮಾಡೋಣ ಅಂತ ಮೀಟಿಂಗ್‌ನಲ್ಲಿ ಮಾತು ಬಂದಿದೆ. ಮಾಡೋಣ, ಆದರೆ ಎಣಿಸೋದು ಬೇಡ ಅನ್ನೋದು ನಮ್ಮ ವಾದ. ಒಬ್ಬರು ಒಂದೇ ಪ್ಯಾಚ್ ಕಳಿಸಲಿ, ಅದನ್ನ ನೆಟ್ಟಗೆ ಕಳಿಸಲಿ. 'ಒಂದು ಪ್ಯಾಚ್‌ಗೆ ಒಂದು ತಿಂಗಳು ಬೇಕಾ ಗುರು?' ಅಂತ ಮೀಟಿಂಗ್‌ನಲ್ಲೇ ಒಬ್ಬ ನಕ್ಕ. ನಮಗೆ ಎರಡು ತಿಂಗಳು ಬೇಕಾಯ್ತು. ಅದರ ಕಥೆಯನ್ನೇ ಹೇಳ್ತೀವಿ.

ನಾವು ಅಂದ್ರೆ ನಾಲ್ಕು ಜನ. ಇಬ್ಬರು ಸಿಎಸ್, ಒಬ್ಬಳು ಇಸಿ, ಒಬ್ಬ ಮೆಕ್ಯಾನಿಕಲ್ (ಸಿ ಭಾಷೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬರೋದು ಅವನಿಗೇ, ಅದು ಬೇರೆ ಅವಮಾನ). ಲಿನಕ್ಸ್ ಕರ್ನಲ್‌ನ ಡ್ರೈವರ್ಸ್ ಡೈರೆಕ್ಟರಿಯೊಳಗೆ ಸ್ಟೇಜಿಂಗ್ ಅಂತ ಒಂದು ಮೂಲೆ ಇದೆ. ಇನ್ನೂ ಹದಕ್ಕೆ ಬರದ ಡ್ರೈವರ್‌ಗಳು ಅಲ್ಲಿರುತ್ತವೆ, ಹೊಸಬರು ಅಲ್ಲಿಂದಲೇ ಶುರು ಮಾಡೋದು ವಾಡಿಕೆ. ಅಲ್ಲೊಂದು ಫಂಕ್ಷನ್‌ನಲ್ಲಿ ಎರಡು ಸಲ ಮೆಮೊರಿ ಕೇಳ್ತಾರೆ. ಎರಡನೇ ಸಲ ಸಿಗದೇ ಹೋದರೆ ಎರರ್ ಕೊಟ್ಟು ವಾಪಸ್ ಹೋಗ್ತಾರೆ, ಆದರೆ ಮೊದಲು ತಗೊಂಡಿದ್ದನ್ನ ಬಿಟ್ಟುಕೊಡೋದೇ ಇಲ್ಲ. ಸ್ಪಷ್ಟವಾದ ಮೆಮೊರಿ ಲೀಕ್. ಮೂರು ಸಾಲು ಸೇರಿಸಿ ಒಂದು ಸಾಲು ತೆಗೆದರೆ ಸರಿಹೋಗುತ್ತೆ. ಕಂಡುಹಿಡಿದ ರಾತ್ರಿ ಹಾಸ್ಟೆಲ್ ಟೆರೇಸ್ ಮೇಲೆ ಹಬ್ಬ.

ಫಸ್ಟ್ ಇಯರ್‌ನವರಿಗಾಗಿ ಇಲ್ಲೊಂದು ಮಾತು. ಪ್ಯಾಚ್ ಅಂದ್ರೆ ಪೂರ್ತಿ ಫೈಲಲ್ಲ, ಹಳೇ ಫೈಲಿಗೂ ಹೊಸದಕ್ಕೂ ಇರೋ ವ್ಯತ್ಯಾಸ ಮಾತ್ರ. ತೆಗೆದ ಸಾಲಿನ ಮುಂದೆ ಮೈನಸ್, ಸೇರಿಸಿದ ಸಾಲಿನ ಮುಂದೆ ಪ್ಲಸ್, ಗುರುತಿಗೆ ಮೇಲೆ ಕೆಳಗೆ ಬದಲಾಗದ ಮೂರು ಮೂರು ಸಾಲು. ಅದನ್ನ ಓದಿ ಫೈಲಿಗೆ ಹೊಂದಿಸೋ 'ಪ್ಯಾಚ್' ಅನ್ನೋ ಪ್ರೋಗ್ರಾಂ ಬರೆದವರು ಲ್ಯಾರಿ ವಾಲ್, 1985ರಲ್ಲಿ. ಆಮೇಲೆ ಪರ್ಲ್ ಭಾಷೆ ಮಾಡಿದ್ದೂ ಅವರೇ. ಗಿಟ್ ಬಂದದ್ದು 2005ರಲ್ಲಿ. ಅದಕ್ಕೂ ಮೊದಲಿಂದ ಇವತ್ತಿನವರೆಗೆ ಕರ್ನಲ್‌ಗೆ ಪ್ಯಾಚ್ ಹೋಗೋದು ಇಮೇಲ್‌ನಲ್ಲೇ. ಅಲ್ಲಿ ಹಸಿರು ಬಣ್ಣದ ಮರ್ಜ್ ಬಟನ್ ಇಲ್ಲ.

ನಮಗೆ ಇಮೇಲ್ ಗೊತ್ತಿಲ್ವಾ? ಡಿಫ್ ಕಾಪಿ ಮಾಡಿ ಜಿಮೇಲ್‌ನಲ್ಲಿ ಪೇಸ್ಟ್ ಮಾಡಿದ್ವಿ. ಆ ಫೈಲಿನಲ್ಲಿ ಸ್ಪೇಸ್‌ಗಳು ಅಡ್ಡಾದಿಡ್ಡಿ ಇದ್ದವು, ಹೇಗೂ ಕೈ ಹಾಕಿದ್ದೀವಿ ಅಂತ ಅವನ್ನೂ ಸರಿಮಾಡಿದ್ವಿ. ಸಬ್ಜೆಕ್ಟ್‌ನಲ್ಲಿ 'ಬಗ್ ಫಿಕ್ಸ್' ಅಂತ ಬರೆದ್ವಿ. ಕೆಳಗೆ 'ರೆಸ್ಪೆಕ್ಟೆಡ್ ಸರ್' ಇಂದ ಶುರುವಾಗಿ 'ಕೈಂಡ್ಲಿ ಡೂ ದಿ ನೀಡ್‌ಫುಲ್' ವರೆಗೆ ಒಂದು ರಜಾ ಅರ್ಜಿ. ಸೆಂಡ್.

ಮೇಂಟೇನರ್ ಪರವಾಗಿ ಒಂದು ಬಾಟ್ ಉತ್ತರ ಕೊಟ್ಟಿತು. ಮನುಷ್ಯರು ಕೂಡ ಅಲ್ಲ! ಪ್ಯಾಚ್ ಹೊಂದಿಕೊಳ್ಳಲ್ಲ, ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿವೆ. ಒಂದೇ ಪ್ಯಾಚ್‌ನಲ್ಲಿ ಬೇರೆ ಬೇರೆ ಕೆಲಸ ಮಾಡಿದ್ದೀರಿ. ಸೈನ್ಡ್-ಆಫ್-ಬೈ ಸಾಲು ಇಲ್ಲ. ಸಬ್ಜೆಕ್ಟ್ ಓದಿದರೆ ಏನು ಬದಲಾಗಿದೆ ಅಂತ ತಿಳಿಯಲ್ಲ. ಕೋಡ್ ಸರಿಯಾ ತಪ್ಪಾ ಅನ್ನೋ ಮಾತೇ ಇರಲಿಲ್ಲ, ಅಲ್ಲಿವರೆಗೆ ಯಾರೂ ಹೋಗಿರಲೇ ಇಲ್ಲ.

ನಮಗೆ ಬಂದ ಮೊದಲ ಸಿಟ್ಟು ಏನು ಗೊತ್ತಾ? 'ಇದೂ ಲ್ಯಾಬ್ ರೆಕಾರ್ಡ್ ಥರಾನೇ.'

ಈ ಸಿಟ್ಟನ್ನ ಸ್ವಲ್ಪ ಬಿಡಿಸಿ ನೋಡಬೇಕು, ಯಾಕಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಅಡ್ಡಬರೋದು ಇದೇ ಅಂತ ನಮಗನ್ಸುತ್ತೆ. ಮೂರು ವರ್ಷದಿಂದ ರೆಕಾರ್ಡ್ ಬರೀತಿದ್ದೀವಿ. ಎಡಗಡೆ ಪೆನ್ಸಿಲ್ ಚಿತ್ರ, ಬಲಗಡೆ ನೀಲಿ ಇಂಕು, ಪ್ರತಿ ಪುಟಕ್ಕೂ ಮಾರ್ಜಿನ್, ಇಂಡೆಕ್ಸ್‌ನಲ್ಲಿ ದಿನಾಂಕ, ಸೀನಿಯರ್ ರೆಕಾರ್ಡ್ ನೋಡಿ ಕಾಪಿ ಮಾಡಿದ 'ಏಮ್' ಮತ್ತು 'ಪ್ರೊಸೀಜರ್'. ಪ್ರಯೋಗ ತಪ್ಪಾಗಿದ್ದರೂ ನಡೆಯುತ್ತೆ, ಮಾರ್ಜಿನ್ ಇಲ್ಲದಿದ್ದರೆ ಸೈನ್ ಆಗಲ್ಲ. ಇಷ್ಟಾಗಿ ಅದನ್ನ ಓದೋವರು ಯಾರು? ಯಾರೂ ಇಲ್ಲ. ಸೈನ್ ಹಾಕೋ ಕೈಯೂ ಪುಟ ತಿರುಗಿಸುತ್ತೆ ಅಷ್ಟೇ, ಓದಲ್ಲ. ಹಾಗಾಗಿ ಫಾರ್ಮ್ಯಾಟ್ ಅಂದ್ರೆ ಕೆಲಸದ ಮೇಲೆ ಹೊದಿಸೋ ಶಾಲು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಮುಖ್ಯ ಕೆಲಸ ಕೋಡು, ಉಳಿದದ್ದೆಲ್ಲ ಸಾಹೇಬರ ಸಮಾಧಾನಕ್ಕೆ.

ಪ್ಯಾಚ್‌ಗೆ ಓದುಗ ಇದ್ದಾನೆ. ವ್ಯತ್ಯಾಸ ಇರೋದು ಅಲ್ಲಿ. ಬಾಟ್ ಹೇಳಿದ ಒಂದೊಂದು ಮಾತನ್ನೂ ಹಿಡಿದು 'ಇದು ಯಾರಿಗೆ ಬೇಕು?' ಅಂತ ಕೇಳ್ತಾ ಹೋದಾಗ ಪ್ರತಿ ಸಲ ಒಬ್ಬ ಮನುಷ್ಯ ಸಿಕ್ಕ.

ಟ್ಯಾಬ್ ವಿಷಯ ನೋಡಿ. ಕರ್ನಲ್ ಕೋಡಿನಲ್ಲಿ ಸಾಲು ಒಳಸರಿಸೋಕೆ ಟ್ಯಾಬ್ ಬಳಸ್ತಾರೆ, ಎಂಟು ಅಕ್ಷರದಷ್ಟು ಅಗಲ. ಜಿಮೇಲ್‌ನ ವೆಬ್ ಪುಟ ಟ್ಯಾಬನ್ನ ತನ್ನಷ್ಟಕ್ಕೇ ಸ್ಪೇಸ್ ಮಾಡುತ್ತೆ, ಉದ್ದದ ಸಾಲನ್ನ ಮುರಿಯುತ್ತೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಆದರೆ ಆ ಮೂರು ಮೂರು ಗುರುತಿನ ಸಾಲು ಅಂದ್ವಲ್ಲ, ಅವು ಫೈಲಿನಲ್ಲಿರೋ ಸಾಲುಗಳಿಗೆ ಅಕ್ಷರಕ್ಕಕ್ಷರ ಹೊಂದಿದರೆ ಮಾತ್ರ ಪ್ಯಾಚ್ ಕೂರುತ್ತೆ. ಒಂದು ಟ್ಯಾಬ್ ಸ್ಪೇಸ್ ಆದರೂ ಜಾಗ ಸಿಗಲ್ಲ, ಎಸೆಯುತ್ತೆ. ಆಗ ಮೇಂಟೇನರ್ ಕೈಯಲ್ಲಿ ಕೂತು ಸರಿಮಾಡಬೇಕು. ನಮ್ಮಂಥವರು ದಿನಾ ಬರ್ತಾರೆ, ಅವರು ಎಷ್ಟು ಜನಕ್ಕೆ ಅಂತ ಮಾಡ್ತಾರೆ?

ಇದಕ್ಕೆ ಮದ್ದು ಕಷ್ಟದ್ದಲ್ಲ. ಕಮಿಟ್ ಮಾಡಿ 'ಗಿಟ್ ಫಾರ್ಮ್ಯಾಟ್-ಪ್ಯಾಚ್' ಕೊಟ್ಟರೆ ಸರಿಯಾದ ಸಬ್ಜೆಕ್ಟ್ ಸಮೇತ ಒಂದು ಫೈಲ್ ಬರುತ್ತೆ. ಕರ್ನಲ್ ಸೋರ್ಸ್‌ನಲ್ಲೇ ಇರೋ 'ಚೆಕ್‌ಪ್ಯಾಚ್' ಸ್ಕ್ರಿಪ್ಟ್ ಅದರ ಮೇಲೆ ಓಡಿಸಿದರೆ ಕಣ್ತಪ್ಪುಗಳನ್ನ ತೋರಿಸುತ್ತೆ. 'ಗೆಟ್ ಮೇಂಟೇನರ್' ಅನ್ನೋ ಇನ್ನೊಂದು ಸ್ಕ್ರಿಪ್ಟ್ ಯಾರಿಗೆ ಕಳಿಸಬೇಕು ಅಂತ ಹೇಳುತ್ತೆ. 'ಗಿಟ್ ಸೆಂಡ್-ಇಮೇಲ್' ಒಂದಕ್ಷರವೂ ಅಲುಗದ ಹಾಗೆ ಕಳಿಸುತ್ತೆ. ಜಿಮೇಲ್ ಖಾತೆಯಿಂದಲೇ ಕಳಿಸಬಹುದು, ಆದರೆ ಟೂ-ಸ್ಟೆಪ್ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ಮಾಡ್ಕೋಬೇಕು. ಮೊದಲ ಸಲ ನಿಮಗೆ ನೀವೇ ಕಳಿಸ್ಕೊಳ್ಳಿ. ಬಂದ ಮೇಲ್ ಉಳಿಸಿ, ಹೊಸ ಬ್ರಾಂಚ್‌ನಲ್ಲಿ 'ಗಿಟ್ ಎಎಮ್' ಕೊಟ್ಟು ಅದು ಕೂರುತ್ತಾ ನೋಡಿ. ಈ ಒಂದು ಹೆಜ್ಜೆ ಮಾಡಿದ್ದರೆ ನಮ್ಮ ಮೊದಲ ಅವಮಾನ ನಾಲ್ಕು ಗೋಡೆ ಮಧ್ಯೆ ಮುಗೀತಿತ್ತು. ಅಂದ ಹಾಗೆ ಹಾಸ್ಟೆಲ್ ವೈಫೈನಲ್ಲಿ ಪೋರ್ಟ್ 587 ಬ್ಲಾಕ್ ಆಗಿದೆ. ಅರ್ಧ ರಾತ್ರಿ ನಮ್ಮ ಕಾನ್ಫಿಗ್ ಅನ್ನೇ ಬೈದ ಮೇಲೆ ಗೊತ್ತಾಗಿದ್ದು. ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಳ್ಳಿ.

ಎರಡನೇದು, ಒಂದು ಪ್ಯಾಚ್‌ಗೆ ಒಂದೇ ಕೆಲಸ. ಲೀಕ್ ಸರಿಮಾಡಿದ ಕೈಯಲ್ಲೇ ಸ್ಪೇಸ್ ಸರಿಮಾಡಿದ್ದು ನಮಗೆ ಒಳ್ಳೇತನ ಅನ್ನಿಸಿತ್ತು. ಓದೋವನ ಕಡೆಯಿಂದ ನೋಡಿ. ಬದಲಾದ ನಲವತ್ತು ಸಾಲಿನ ನಡುವೆ ನಿಜವಾದ ಮೂರು ಸಾಲು ಎಲ್ಲಿವೆ ಅಂತ ಅವನು ಹುಡುಕಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಇನ್ನೊಂದು ಕಾರಣ ನಮಗೆ ಆಮೇಲೆ ಹೊಳೆದದ್ದು. ಆರು ತಿಂಗಳಾದ ಮೇಲೆ ಯಾರದೋ ಮಷೀನಿನಲ್ಲಿ ಏನೋ ಕೆಡುತ್ತೆ. ಅವರು 'ಗಿಟ್ ಬೈಸೆಕ್ಟ್' ಓಡಿಸ್ತಾರೆ. ನಡುವಿನ ಕಮಿಟ್ ತಗೊಂಡು ಸರಿಯಿದೆಯಾ ಕೆಟ್ಟಿದೆಯಾ ನೋಡೋದು, ಅರ್ಧ ಬಿಡೋದು, ಮತ್ತೆ ಅರ್ಧ ಬಿಡೋದು. ಥೇಟ್ ನಾವು ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿ ಬರೆದ ಬೈನರಿ ಸರ್ಚ್. ಸಾವಿರ ಕಮಿಟ್ ಇದ್ದರೂ ಹತ್ತೇ ಹೆಜ್ಜೆಯಲ್ಲಿ ಕಳ್ಳ ಸಿಗ್ತಾನೆ. ಆದರೆ ಆ ಕಳ್ಳ ಕಮಿಟ್‌ನಲ್ಲಿ ನಾಲ್ಕು ಕೆಲಸ ಒಟ್ಟಿಗಿದ್ದರೆ ಯಾವುದರಿಂದ ಕೆಟ್ಟಿತು ಅಂತ ಹೇಗೆ ಹೇಳ್ತೀರಿ? ಕೆಟ್ಟದ್ದನ್ನ ರಿವರ್ಟ್ ಮಾಡಿದರೆ ಒಳ್ಳೇ ಫಿಕ್ಸ್ ಕೂಡ ಹೋಯ್ತು. ಪ್ರತಿ ಪ್ಯಾಚ್ ತನ್ನಷ್ಟಕ್ಕೆ ಬಿಲ್ಡ್ ಆಗಬೇಕು ಅನ್ನೋ ನಿಯಮಕ್ಕೂ ಇದೇ ಕಾರಣ.

ಸಬ್ಜೆಕ್ಟ್ ಸಾಲು. ಕರ್ನಲ್‌ನ ಒಂದೊಂದು ಬಿಡುಗಡೆಯಲ್ಲಿ ಸಾಮಾನ್ಯವಾಗಿ ಹತ್ತು ಸಾವಿರಕ್ಕೂ ಹೆಚ್ಚು ಕಮಿಟ್ ಇರುತ್ತವೆ. ಅಷ್ಟರ ನಡುವೆ 'ಬಗ್ ಫಿಕ್ಸ್' ಅಂತ ಒಂದು ಸಾಲು! ಯಾವ ವಿಭಾಗ, ಯಾವ ಡ್ರೈವರ್, ಏನು ಮಾಡುತ್ತೆ, ಇಷ್ಟೂ ಸುಮಾರು ಎಪ್ಪತ್ತು ಅಕ್ಷರದೊಳಗೆ ಬರಬೇಕು. ವಾಕ್ಯ ಆಜ್ಞೆಯ ರೂಪದಲ್ಲಿರಬೇಕು: 'ಲೀಕ್ ಸರಿಪಡಿಸಿದೆ' ಅಲ್ಲ, 'ಲೀಕ್ ಸರಿಪಡಿಸು', ಕೋಡ್‌ಬೇಸ್‌ಗೇ ಅಪ್ಪಣೆ ಕೊಟ್ಟ ಹಾಗೆ. ಅದರ ಕೆಳಗಿನ ವಿವರಣೆ 75 ಅಕ್ಷರಕ್ಕೆ ಸಾಲು ಮುರೀಬೇಕು. ಅಲ್ಲಿ ಬರೀಬೇಕಾದ್ದು ಏನು ಮಾಡಿದ್ವಿ ಅಂತಲ್ಲ, ಅದು ಡಿಫ್‌ನಲ್ಲೇ ಕಾಣುತ್ತೆ. ಯಾಕೆ ಮಾಡಿದ್ವಿ, ಮಾಡದಿದ್ದರೆ ಏನಾಗ್ತಿತ್ತು ಅನ್ನೋದು ಬೇಕು. ಇದು ನಮಗೆ ಎರಡನೇ ಸುತ್ತಿನಲ್ಲಿ ಸಿಕ್ಕ ಪಾಠ. ಆ ಸಲ ಉತ್ತರ ಕೊಟ್ಟದ್ದು ಮನುಷ್ಯರೇ, ಒಂದೇ ಸಾಲು: ಈ ದಾರಿಯಲ್ಲಿ ಯಾವಾಗ ಬರ್ತೀವಿ ಅಂತ ವಿವರಿಸಿ. ವಿವರಿಸೋಕೆ ಹೋದಾಗ ನಮಗೇ ಸರಿಯಾಗಿ ಗೊತ್ತಿಲ್ಲ ಅನ್ನೋದು ಗೊತ್ತಾಯ್ತು! ಎರಡು ದಿನ ಕೂತು ಆ ಫಂಕ್ಷನ್‌ನ ಯಾರು ಯಾವಾಗ ಕರೀತಾರೆ ಅಂತ ಓದಿದ್ವಿ. ಐದು ಸೆಮಿಸ್ಟರ್‌ನಲ್ಲಿ ಅಷ್ಟು ಗಮನ ಇಟ್ಟು ಓದಿದ್ದು ಅದೇ ಮೊದಲು.

ಸೈನ್ಡ್-ಆಫ್-ಬೈ ಸಾಲಿನ ಹಿಂದೆ ಕೋರ್ಟು ಕಚೇರಿ ಇದೆ. 2003ರಲ್ಲಿ ಎಸ್‌ಸಿಒ ಅನ್ನೋ ಕಂಪನಿ, ತನ್ನ ಯುನಿಕ್ಸ್ ಕೋಡ್ ಲಿನಕ್ಸ್‌ಗೆ ಸೇರಿದೆ ಅಂತ ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರಿಂದ ಬಂತು ಅಂತ ತೋರಿಸೋದು ಹೇಗೆ ಅನ್ನೋ ಪ್ರಶ್ನೆ ಎದ್ದಿತು. 2004ರಲ್ಲಿ ಈ ಸಾಲು ಬಂತು. ಇದು ನಾನು ಬರೆದದ್ದು, ಅಥವಾ ಇದನ್ನ ಈ ಲೈಸೆನ್ಸ್ ಅಡಿಯಲ್ಲಿ ಕೊಡೋ ಹಕ್ಕು ನನಗಿದೆ ಅಂತ ಅದರ ಅರ್ಥ. ಕಮಿಟ್ ಮಾಡುವಾಗ ಮೈನಸ್ ಎಸ್ ಕೊಟ್ಟರೆ ಸಾಲು ತಾನೇ ಬಂದು ಕೂರುತ್ತೆ. ಆದರೆ ಅದು ರೆಕಾರ್ಡ್ ಮೇಲಿನ ಸೈನ್ ಅಲ್ಲ, ನೀವು ಕೊಡೋ ಮಾತು.

ಎಐ ಹತ್ರ ಬರೆಸಿ ಕಳಿಸಿದರೆ ಏನಾಗುತ್ತೆ ಅಂತ ಕೇಳೋ ಗೆಳೆಯರಿಗೂ ಉತ್ತರ ಇದೇ ಸಾಲಿನಲ್ಲಿದೆ. ಮೊದಲು ಆ ಪ್ರಾಜೆಕ್ಟಿನ ನಿಯಮ ಓದಿ, ಒಂದೊಂದು ಕಡೆ ಒಂದೊಂದು ಥರ ಇದೆ. ನಿಯಮ ಒಪ್ಪಿದರೂ ಸೈನ್ ನಿಮ್ಮದು. ರಿವ್ಯೂ ಮಾಡೋವರು 'ಇದ್ಯಾಕೆ ಹೀಗೆ?' ಅಂತ ಕೇಳಿದಾಗ ಆ ಪ್ರಶ್ನೆಯನ್ನೂ ಎಐಗೆ ಪೇಸ್ಟ್ ಮಾಡೋ ಪರಿಸ್ಥಿತಿ ಇದ್ದರೆ ಕಳಿಸಬೇಡಿ. ನೀವೇ ಓದದ್ದನ್ನ ಇನ್ನೊಬ್ಬರಿಗೆ ಓದೋಕೆ ಕೊಡೋದು ಯಾವ ನ್ಯಾಯ?

ಇನ್ನೂ ಸಣ್ಣ ಸಣ್ಣ ವಿಷಯ ಬೇಕಾದಷ್ಟಿವೆ. ಎರಡನೇ ಆವೃತ್ತಿಗೆ ವಿ2 ಅಂತ ಹಾಕೋದು, ಹಿಂದಿನದಕ್ಕಿಂತ ಏನು ಬದಲಾಯ್ತು ಅಂತ ಮೂರು ಡ್ಯಾಶ್ ಸಾಲಿನ ಕೆಳಗೆ ಬರೆಯೋದು (ಅಲ್ಲಿ ಬರೆದದ್ದು ಓದೋವರಿಗೆ ಕಾಣುತ್ತೆ, ಇತಿಹಾಸಕ್ಕೆ ಸೇರಲ್ಲ, ಯಾರೋ ಬುದ್ಧಿವಂತರು ಯೋಚಿಸಿದ ಜಾಗ). ಉತ್ತರ ಬರೆಯುವಾಗ ಮೇಲ್ಗಡೆ ಬರೆಯದೆ, ಕೇಳಿದ ಪ್ರಶ್ನೆಯ ಕೆಳಗೇ ಬರೆಯೋದು. ಒಂದು ವಾರವಾದರೂ ಕಾಯದೆ ಜ್ಞಾಪಿಸದೇ ಇರೋದು. ಇದೆಲ್ಲ ಕರ್ನಲ್‌ನ ಡಾಕ್ಯುಮೆಂಟೇಶನ್‌ನಲ್ಲಿ 'ಸಬ್ಮಿಟಿಂಗ್ ಪ್ಯಾಚಸ್' ಅನ್ನೋ ಪುಟದಲ್ಲಿದೆ. ಇಂಟರ್ನಲ್ಸ್‌ಗೆ ಓದೋದರ ಅರ್ಧ ಶ್ರದ್ಧೆ ಸಾಕು.

'ಇದೆಲ್ಲ ಕರ್ನಲ್‌ನವರ ಮಡಿ, ಗಿಟ್‌ಹಬ್‌ನಲ್ಲಿ ಇದ್ಯಾವುದೂ ಬೇಡ' ಅನ್ನೋರಿದ್ದಾರೆ. ಅರ್ಧ ಒಪ್ತೀವಿ. ಬಟನ್ ಇರೋ ಕಡೆ ಟ್ಯಾಬ್ ಕೆಡಲ್ಲ, ಆ್ಯಪ್ ಪಾಸ್‌ವರ್ಡ್ ಬೇಡ. ಹೊಸಬರಿಗೆ ಇಮೇಲ್ ದಾರಿ ಒರಟು ಅನ್ನೋದು ನಿಜ. ಕೆಲವರ ಉತ್ತರದ ಧಾಟಿಯೂ ಮುಖಕ್ಕೆ ಹೊಡೆದ ಹಾಗಿರುತ್ತೆ, ಅದನ್ನ ನಾವು ಸಮರ್ಥಿಸಲ್ಲ. ಆದರೆ ಒಂದಕ್ಕೆ ಒಂದೇ ಕೆಲಸ, ಅರ್ಥವಾಗೋ ಸಬ್ಜೆಕ್ಟ್, ಯಾಕೆ ಅನ್ನೋ ವಿವರಣೆ, ಕಳಿಸೋ ಮೊದಲು ಓಡಿಸಿ ನೋಡೋದು, ಇವು ಬಟನ್ ಇದ್ದರೂ ಬೇಕು. ಬಟನ್ ಇರೋದರಿಂದ ಸಿಕ್ಕಾಪಟ್ಟೆ ಸಲೀಸಾಗಿ ಕಳಿಸಬಹುದು, ಹೋದ ಅಕ್ಟೋಬರ್‌ನಲ್ಲಿ ನಾವು ಮಾಡಿದ್ದೂ ಅದನ್ನೇ.

ಕನ್ನಡ ಸಂಘದವರಾಗಿ ನಾವು ಇನ್ನೊಂದು ಕಡೆ ಕೈ ಹಾಕಬೇಕು ಅನ್ನೋದು ನಮ್ಮ ಆಸೆ: ತಂತ್ರಾಂಶಗಳ ಕನ್ನಡ ಅನುವಾದ. ಗ್ನೋಮ್, ಕೆಡಿಇ ಇಂಥವುಗಳಲ್ಲಿ ಅನುವಾದ ಇರೋದು ಪಿಒ ಫೈಲುಗಳಲ್ಲಿ. ಮೇಲೊಂದು ಇಂಗ್ಲಿಷ್ ಸಾಲು, ಕೆಳಗೆ ಅದರ ಕನ್ನಡ. ಇದೂ ಪ್ಯಾಚೇ. 'ಅನುವಾದ ತಾನೇ' ಅಂತ ಕೂತ ನಮ್ಮಲ್ಲೊಬ್ಬಳು ಒಂದೇ ಸಂಜೆಯಲ್ಲಿ ಮೂರು ಗುಂಡಿಗೆ ಬಿದ್ದಳು.

ಮೊದಲನೇದು, ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟಿದ್ದನ್ನ ಪೇಸ್ಟ್ ಮಾಡಿದ್ದು. ಅದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್. ಹಾಗಾಗಿ ಫೈಲಿನಲ್ಲಿ ಬಂದು ಕೂತದ್ದು ಕಸ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಎರಡನೇದು ಪದಗಳ ಕ್ರಮ. ಇಂಗ್ಲಿಷ್‌ನಲ್ಲಿ 'ತೆರೆಯಲಾಗಲಿಲ್ಲ' ಮೊದಲು, ಆಮೇಲೆ ಫೈಲಿನ ಹೆಸರು, ಕೊನೆಗೆ ಫೋಲ್ಡರ್. ಕನ್ನಡದಲ್ಲಿ ಸಹಜವಾಗಿ ಬರೋದು 'ಇಂಥ ಫೋಲ್ಡರ್‌ನಲ್ಲಿರುವ ಇಂಥ ಫೈಲ್ ತೆರೆಯಲಾಗಲಿಲ್ಲ' ಅಂತ. ಹೆಸರು ಬರೋ ಜಾಗದಲ್ಲಿ ಪರ್ಸೆಂಟ್ ಗುರುತಿನ ಸಂಕೇತಗಳಿರುತ್ತವೆ. ಅವುಗಳ ಕ್ರಮ ಸಂಖ್ಯೆ ಹಾಕದೆ ಸುಮ್ಮನೆ ವಾಕ್ಯ ತಿರುಗಿಸಿದರೆ ಫೋಲ್ಡರ್ ಜಾಗದಲ್ಲಿ ಫೈಲಿನ ಹೆಸರು ಬರುತ್ತೆ. ಒಂದು ಪದ, ಇನ್ನೊಂದು ಅಂಕಿ ಆಗಿದ್ದರಂತೂ ಪ್ರೋಗ್ರಾಮೇ ಬೀಳಬಹುದು. ಕನ್ನಡ ಸುಂದರವಾಗಿದೆ, ಆ್ಯಪ್ ಕ್ರ್ಯಾಶ್! 'ಎಂಎಸ್‌ಜಿಎಫ್‌ಎಂಟಿ' ಅನ್ನೋ ಟೂಲ್‌ಗೆ ಮೈನಸ್ ಸಿ ಕೊಟ್ಟರೆ ಇಂಥವನ್ನ ಹಿಡಿಯುತ್ತೆ.

ಮೂರನೇದು ಕಣ್ಣಿಗೆ ಕಾಣದ್ದು. 'ಸಾಫ್ಟ್‌ವೇರ್' ಅಂತ ಬರೆಯುವಾಗ ಟಕಾರ ವಕಾರಗಳು ಒತ್ತಕ್ಷರ ಆಗದ ಹಾಗೆ ನಡುವೆ ಒಂದು ಅದೃಶ್ಯ ಅಕ್ಷರ ಹಾಕ್ತೀವಿ. ಅದು ಬಿದ್ದುಹೋದರೆ ಪದದ ರೂಪವೇ ಕೆಡುತ್ತೆ. ಅದೇ ಅಕ್ಷರ ಪದದ ಕೊನೆಯಲ್ಲಿ ಸುಮ್ಮನೆ ಉಳಿದುಕೊಂಡರೆ ಏನೂ ಕಾಣಲ್ಲ, ಆದರೆ ಹುಡುಕಿದಾಗ ಪದ ಸಿಗಲ್ಲ. 'ಕೊ' ಅಕ್ಷರದ ಒಕಾರ ಕೂಡ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎರಡು ಸಂಕೇತ ಸೇರಿಯೂ ಇರಬಹುದು. ನಮ್ಮ ಹುಡುಗಿಯ ಡಿಫ್‌ನಲ್ಲಿ ಕೆಂಪು ಸಾಲೂ ಹಸಿರು ಸಾಲೂ ನೋಡೋಕೆ ಒಂದೇ ಥರ ಇದ್ದವು, ಸುಮಾರು ಅರವತ್ತು ಕಡೆ! ಅವಳು ಮುಟ್ಟಿದ್ದು ಹನ್ನೆರಡು ಸಾಲು, ಉಳಿದದ್ದು ಎಡಿಟರ್ ಮಾಡಿದ ಉಪಕಾರ. ಅದನ್ನ ಹಾಗೇ ಕಳಿಸಿದ್ದರೆ ಎಲ್ಲೋ ಕೂತು ಬಿಡುವಿನಲ್ಲಿ ಕನ್ನಡ ಅನುವಾದ ನೋಡ್ಕೊಳ್ಳೋ ಒಬ್ಬರೋ ಇಬ್ಬರೋ ಆ ಅರವತ್ತು ಸಾಲಿನ ಮುಂದೆ ಕಣ್ಣು ಕಿರಿದು ಮಾಡ್ಕೊಂಡು ಕೂರಬೇಕಿತ್ತು. ಕರ್ನಲ್‌ಗೆ ನೋಡೋವರು ನೂರಾರು ಜನ ಸಿಗ್ತಾರೆ. ಕನ್ನಡಕ್ಕೆ ಸಿಗೋ ಆ ಒಬ್ಬರಿಬ್ಬರ ಸಂಜೆ ನಾವು ಹಾಳು ಮಾಡಿದರೆ ಅವರ ಜಾಗಕ್ಕೆ ಇನ್ಯಾರು ಬರ್ತಾರೆ? ಕನ್ನಡಾಭಿಮಾನ ನಮಗೆ ಪೋಸ್ಟರ್‌ನಲ್ಲಿ ಬೇಕಾದಷ್ಟಿದೆ. ಡಿಫ್‌ನಲ್ಲೂ ಸ್ವಲ್ಪ ಇರಲಿ.

ಇಂಗ್ಲಿಷ್ ಭಯದ ಬಗ್ಗೆಯೂ ಹೇಳಬೇಕು. ನಮ್ಮ ನಾಲ್ವರಲ್ಲಿ ಇಬ್ಬರು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಕಮಿಟ್ ಮೆಸೇಜ್ ಇಂಗ್ಲಿಷ್‌ನಲ್ಲಿ ಬರೀಬೇಕು, ಪ್ರಪಂಚವೆಲ್ಲ ನೋಡುತ್ತೆ ಅಂದಾಗ ಕೈ ನಡುಗಿದ್ದು ಸುಳ್ಳಲ್ಲ. ಹಾಗಾಗಿಯೇ ಮೊದಲ ಸಲ ಆ ರಜಾ ಅರ್ಜಿ ಭಾಷೆಗೆ ಮೊರೆಹೋದದ್ದು. ಆಮೇಲೆ ಗೊತ್ತಾಯ್ತು, ಅಲ್ಲಿ ಅಲಂಕಾರದ ಇಂಗ್ಲಿಷ್ ಯಾರಿಗೂ ಬೇಡ. ವಿ3 ಬರೆಯುವಾಗ ಒಂದು ಉಪಾಯ ಮಾಡಿದ್ವಿ. ಮೊದಲು ಕನ್ನಡದಲ್ಲಿ ಒಬ್ಬರಿಗೊಬ್ಬರು ಹೇಳ್ಕೊಂಡ್ವಿ: 'ಎರಡನೇ ಸಲ ಮೆಮೊರಿ ಸಿಗದಿದ್ದರೆ ಮೊದಲು ತಗೊಂಡದ್ದು ಹಾಗೇ ಉಳಿಯುತ್ತೆ. ವಾಪಸ್ ಹೋಗೋ ಮುಂಚೆ ಅದನ್ನ ಬಿಡು.' ಎರಡು ವಾಕ್ಯ. ಅದನ್ನೇ ಇಂಗ್ಲಿಷ್ ಮಾಡಿದ್ವಿ, ಒಂದು ಪದ ಹೆಚ್ಚಿಲ್ಲ. ವಿ3ಕ್ಕೆ ಬಂದ ಉತ್ತರ ಅದಕ್ಕಿಂತ ಚಿಕ್ಕದು: 'ಅಪ್ಲೈಡ್, ಥ್ಯಾಂಕ್ಸ್.' ಮೆಕ್ಯಾನಿಕಲ್ ಗೆಳೆಯ ಅದನ್ನ ಪ್ರಿಂಟ್ ತೆಗೆಸಿ ರೂಮಿನ ಬಾಗಿಲಿಗೆ ಅಂಟಿಸಿದ್ದಾನೆ, ಅಣ್ಣಾವ್ರ ಫೋಟೋ ಕೆಳಗೆ.

ಈ ಅಕ್ಟೋಬರ್‌ಗೆ ನಾವು ಕೇಳ್ತಿರೋದು ಇಷ್ಟು. ಇಬ್ಬರು ಮೂವರ ತಂಡ, ತಂಡಕ್ಕೆ ಒಂದೇ ಪ್ಯಾಚ್, ತಾವೇ ಬಳಸೋ ತಂತ್ರಾಂಶಕ್ಕೆ. ರೀಡ್‌ಮಿ ಮುಟ್ಟೋ ಹಾಗಿಲ್ಲ. ಹೊರಗೆ ಕಳಿಸೋ ಮೊದಲು ಬೇರೆ ತಂಡದವರು ಓದಿ ಪ್ರಶ್ನೆ ಕೇಳಬೇಕು, ಆ ಪ್ರಶ್ನೋತ್ತರಕ್ಕೇ ಅಂಕ. ಮರ್ಜ್ ಆಗಲೇಬೇಕು ಅಂತಿಲ್ಲ. ಕಾರಣ ಕೊಟ್ಟು ಬೇಡ ಅಂದರೆ, ಆ ಕಾರಣ ಅರ್ಥಮಾಡ್ಕೊಂಡು ಬರೆದ ಒಂದು ಪುಟಕ್ಕೂ ಬಹುಮಾನ ಇರಲಿ. ಸರ್ಟಿಫಿಕೇಟ್ ಬೇಕೇ ಬೇಕು ಅನ್ನೋವರಿಗೆ ನಮ್ಮ ಹತ್ರ ಉತ್ತರ ಇಲ್ಲ. ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಎಣಿಸೋದು ಅದನ್ನೇ ಅಂತ ನಮಗೂ ಗೊತ್ತು. ಆದರೆ ಇಂಟರ್‌ವ್ಯೂನಲ್ಲಿ ಕೂತವರು ನಿಮ್ಮ ಪುಲ್ ರಿಕ್ವೆಸ್ಟ್ ತೆರೆದು ನೋಡಿದರೆ ಅಲ್ಲಿ ಪೂರ್ಣವಿರಾಮ ಇರಬೇಕಾ, ನಾಲ್ಕು ಪ್ರಶ್ನೆಗೆ ಕೊಟ್ಟ ನಾಲ್ಕು ಉತ್ತರ ಇರಬೇಕಾ, ಯೋಚನೆ ಮಾಡಿ.

ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಸಂಘದ ರೂಮಿನಲ್ಲಿ ಕೂರ್ತೀವಿ. ಪ್ಯಾಚ್ ಇದ್ದರೆ ತನ್ನಿ, ಇಲ್ಲದಿದ್ದರೆ ಬೇರೆಯವರದನ್ನ ಓದೋಕೆ ಬನ್ನಿ. ಲ್ಯಾಪ್‌ಟಾಪ್ ಜೊತೆ ಡೇಟಾ ಪ್ಯಾಕ್ ಇರೋ ಮೊಬೈಲ್ ಮರೀಬೇಡಿ, ಪೋರ್ಟ್ 587 ಇನ್ನೂ ತೆರೆದಿಲ್ಲ. ತೆರೆಯಿರಿ ಅಂತ ಅರ್ಜಿ ಕೊಟ್ಟಿದ್ದೀವಿ. ವಾಪಸ್ ಬಂತು. ನಿಗದಿತ ನಮೂನೆಯಲ್ಲಿ, ಮೂರು ಪ್ರತಿ, ಎಡಗಡೆ ಮಾರ್ಜಿನ್ ಬಿಟ್ಟು ಕೊಡಬೇಕಂತೆ.